ವಿಕಿಪೀಡಿಯದ ಹೊಸ ಸ್ಕಿನ್‌ಗೆ ಒಗ್ಗಿಕೊಳ್ಳುವುದು: ಹಂತ ಹಂತವಾಗಿ

ಕನ್ನಡ ವಿಕಿಪೀಡಿಯದಲ್ಲಿ ವರ್ಷಗಟ್ಟಲೆ ಬರೆದವರಿಗೆ ಯಾವ ಗುಂಡಿ ಎಲ್ಲಿದೆ ಎಂದು ಹುಡುಕಬೇಕಿರಲಿಲ್ಲ, ಕೈ ತಾನಾಗಿಯೇ ಹೋಗುತ್ತಿತ್ತು. 2010ರ ‘ವೆಕ್ಟರ್’ ಸ್ಕಿನ್ (ಪುಟದ ಹೊರವಿನ್ಯಾಸ) ಅಷ್ಟು ಕಾಲ ಬಾಳಿತ್ತು. ಅದರ ಜಾಗಕ್ಕೆ ‘ವೆಕ್ಟರ್ 2022’ ಬಂದ ಮೇಲೆ ಅನೇಕ ಹಳೆಯ ಸಂಪಾದಕರು ತಬ್ಬಿಬ್ಬಾದರು. ಇಂಗ್ಲಿಷ್ ವಿಕಿಪೀಡಿಯ 2023ರ ಜನವರಿ 18ರಂದು ಬದಲಾದಾಗಲೂ ದೊಡ್ಡ ಚರ್ಚೆಯೇ ನಡೆಯಿತು. ಆದರೆ ಲೇಖನ, ಇತಿಹಾಸ, ನಿಮ್ಮ ಖಾತೆ ಎಲ್ಲವೂ ಮೊದಲಿನಂತೆಯೇ ಇವೆ. ಕೆಲವು ಗುಂಡಿಗಳು ಜಾಗ ಬದಲಿಸಿವೆ, ಅಷ್ಟೇ.

ಹಂತ 1: ಭಾಷೆಯ ಗುಂಡಿ ಹುಡುಕಿ

ನಮಗೆ ಇದೇ ಎಲ್ಲಕ್ಕಿಂತ ಮುಖ್ಯ. ಇಂಗ್ಲಿಷ್ ಲೇಖನ ಓದುತ್ತಾ ಕನ್ನಡದ ಪುಟಕ್ಕೆ ಹಾರುವ ಕೊಂಡಿ ಮೊದಲು ಎಡಬದಿಯ ಪಟ್ಟಿಯ ತಳದಲ್ಲಿತ್ತು. ಈಗ ಶೀರ್ಷಿಕೆಯ ಸಾಲಿನಲ್ಲೇ, ಬಲತುದಿಯಲ್ಲಿ, ಲೇಖನ ಎಷ್ಟು ಭಾಷೆಗಳಲ್ಲಿದೆ ಎಂಬ ಸಂಖ್ಯೆಯೊಂದಿಗೆ ಕಾಣುತ್ತದೆ. ಅದನ್ನು ಒತ್ತಿ, ಹುಡುಕುವ ಚೌಕದಲ್ಲಿ ‘ಕನ್ನಡ’ ಎಂದು ಬರೆಯಿರಿ. ಪುಟದ ತಳದವರೆಗೆ ಜಾರಬೇಕಾಗಿಲ್ಲವಾದ್ದರಿಂದ ಇದು ನಿಜಕ್ಕೂ ಒಳ್ಳೆಯ ಬದಲಾವಣೆ.

ಹಂತ 2: ಮೆನುಗಳನ್ನು ನಿಲ್ಲಿಸಿಕೊಳ್ಳಿ

ಎಡ ಮೇಲ್ತುದಿಯ ಮೂರು ಗೆರೆಗಳ ಚಿಹ್ನೆಯೊಳಗೆ ಇತ್ತೀಚಿನ ಬದಲಾವಣೆಗಳು ಸಿಗುತ್ತವೆ. ಈ ಪುಟಕ್ಕೆ ಎಲ್ಲೆಲ್ಲಿಂದ ಕೊಂಡಿಗಳಿವೆ ಎಂದು ನೋಡುವುದು ಬಲಬದಿಯ ಉಪಕರಣಗಳ ಮೆನುವಿನಲ್ಲಿದೆ. ಎರಡೂ ಮೆನುಗಳನ್ನು ಬದಿಗೆ ಸರಿಸಿ ಸದಾ ತೆರೆದಿಡಬಹುದು. ಪರಿವಿಡಿ ಈಗ ಎಡಕ್ಕೆ ಬಂದು, ನೀವು ಕೆಳಗೆ ಹೋದಂತೆ ಜೊತೆಯಲ್ಲೇ ಇರುತ್ತದೆ. ಸಣ್ಣ ಪರದೆಯಲ್ಲಿ ಶೀರ್ಷಿಕೆಯ ಪಕ್ಕದ ಚಿಹ್ನೆಯೊಳಗೆ ಮಡಚಿಕೊಳ್ಳುತ್ತದೆ.

ಹಂತ 3: ಅಕ್ಷರ ಮತ್ತು ಅಗಲ

ಸಾಲು ತೀರಾ ಉದ್ದವಾದರೆ ಓದುವ ಕಣ್ಣು ಮುಂದಿನ ಸಾಲನ್ನು ತಪ್ಪಿಸಿಕೊಳ್ಳುತ್ತದೆ. ಅದಕ್ಕೇ ಪಠ್ಯದ ಅಗಲಕ್ಕೆ ಮಿತಿ ಹಾಕಿದ್ದಾರೆ. ನಿಮಗೆ ಇಕ್ಕಟ್ಟೆನಿಸಿದರೆ ನೋಟದ ಮೆನುವಿನಲ್ಲಿ ಅಗಲದ ಆಯ್ಕೆ ಇದೆ. ಅಲ್ಲೇ ಅಕ್ಷರದ ಗಾತ್ರವನ್ನೂ ಒಮ್ಮೆ ಹೆಚ್ಚಿಸಿ ನೋಡಿ. ಕನ್ನಡದ ಒತ್ತಕ್ಷರಗಳು ಸಣ್ಣ ಗಾತ್ರದಲ್ಲಿ ಒಂದಕ್ಕೊಂದು ಅಂಟಿದಂತೆ ಕಾಣುವುದರಿಂದ, ಹಿರಿಯ ಸಂಪಾದಕರಿಗೆ ಮೊದಲು ತೋರಿಸಬೇಕಾದ ಸೌಲಭ್ಯ ಇದು.

ಹಂತ 4: ಹಳೆಯದಕ್ಕೆ ಮರಳುವ ಮುನ್ನ

ಹಳೆಯ ಸ್ಕಿನ್ ಇನ್ನೂ ಇದೆ. ಪ್ರಾಶಸ್ತ್ಯಗಳ ಪುಟದಲ್ಲಿ ನೋಟದ ವಿಭಾಗಕ್ಕೆ ಹೋಗಿ 2010ರ ವೆಕ್ಟರ್ ಆರಿಸಿ ಉಳಿಸಿದರೆ ಸಾಕು. ಜಾಗತಿಕ ಪ್ರಾಶಸ್ತ್ಯಗಳಲ್ಲಿ ಮಾಡಿದರೆ ಎಲ್ಲ ವಿಕಿಗಳಿಗೂ ಅನ್ವಯಿಸುತ್ತದೆ. ಆದರೂ ಕೆಲವು ವಾರ ಹೊಸದರಲ್ಲೇ ಬರೆಯಿರಿ ಎಂಬುದು ನನ್ನ ಒತ್ತಾಯ. ಲಾಗಿನ್ ಆಗದ ಓದುಗರಿಗೆ ಕಂಪ್ಯೂಟರಿನಲ್ಲಿ ಕಾಣುವುದು ಹೊಸ ವಿನ್ಯಾಸವೇ. ಹಳೆಯದರಲ್ಲಿ ಅಂದವಾಗಿ ಕೂತ ನಿಮ್ಮ ಅಗಲವಾದ ಕೋಷ್ಟಕ ಅವರ ಪರದೆಯಲ್ಲಿ ಅಂಚು ದಾಟಿರಬಹುದು. ಅದನ್ನು ನೀವೇ ನೋಡದಿದ್ದರೆ ಸರಿಪಡಿಸುವವರು ಯಾರು?

ಹಂತ 5: ಕೆಟ್ಟದ್ದನ್ನು ಸರಿಯಾಗಿ ವರದಿ ಮಾಡಿ

ಗುಂಡಿಯೊಂದು ಕೆಲಸ ಮಾಡದಿದ್ದರೆ, ಪುಟದ ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಸಮೇತ ‘ಸೇಫ್‌ಮೋಡ್=1’ ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಸೇರಿಸಿ ತೆರೆಯಿರಿ. ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆ ಮೊದಲೇ ಇದ್ದರೆ ಅದರ ಬದಲು ‘&’ ಹಾಕಿ. ಆಗ ಗ್ಯಾಜೆಟ್‌ಗಳೂ ನಿಮ್ಮ ಸ್ವಂತ ಸ್ಕ್ರಿಪ್ಟ್‌ಗಳೂ ನಿಲ್ಲುತ್ತವೆ. ತೊಂದರೆ ಮಾಯವಾದರೆ, ಹಳೆಯ ಸ್ಕಿನ್‌ಗೆಂದು ಬರೆದ ಯಾವುದೋ ಕೋಡ್ ಕಾರಣವಿರಬಹುದು. ಮಾಯವಾಗದಿದ್ದರೆ ಬ್ರೌಸರ್ ಹೆಸರು, ಪುಟದ ಕೊಂಡಿ, ಪರದೆಯ ಚಿತ್ರ ಜೋಡಿಸಿ ಸಮುದಾಯದ ಚರ್ಚಾಪುಟವಾದ ಅರಳಿಕಟ್ಟೆಯಲ್ಲಿ ಬರೆಯಿರಿ. ಅಲ್ಲಿಂದ ಯಾರಾದರೂ ದೋಷಗಳನ್ನು ದಾಖಲಿಸುವ ತಾಣವಾದ ಫ್ಯಾಬ್ರಿಕೇಟರ್‌ಗೆ ದಾಟಿಸಬಹುದು, ಇಲ್ಲವೇ ನೀವೇ ದಾಖಲಿಸಬಹುದು. ‘ಏನೂ ಸರಿಯಿಲ್ಲ’ ಎಂಬ ಒಂದು ಸಾಲಿನಿಂದ ತಂತ್ರಜ್ಞರಿಗೆ ಯಾವ ಸುಳಿವೂ ಸಿಗದು.

ಹಂತ 6: ಇಂಗ್ಲಿಷಿನಲ್ಲೇ ಉಳಿದ ಪದಗಳು

ಪ್ರತಿ ಹೊಸ ಆವೃತ್ತಿಯ ಜೊತೆ ಹೊಸ ಸಂದೇಶಗಳು ಬರುತ್ತವೆ. ಅನುವಾದವಾಗದವು ಕನ್ನಡ ಪುಟದಲ್ಲೂ ಇಂಗ್ಲಿಷಿನಲ್ಲೇ ಕಾಣುತ್ತವೆ. ಅವನ್ನು ಕನ್ನಡಕ್ಕೆ ತರಲು ಪ್ರೋಗ್ರಾಮಿಂಗ್ ಬೇಕಿಲ್ಲ. ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಖಾತೆ ತೆರೆದು, ಅನುವಾದಕರ ಅನುಮತಿ ಪಡೆದು, ವಿಕಿಪೀಡಿಯವನ್ನು ನಡೆಸುವ ತಂತ್ರಾಂಶವಾದ ಮೀಡಿಯಾವಿಕಿಯ ಗುಂಪಿನಲ್ಲಿ ಬಾಕಿ ಇರುವ ಸಾಲುಗಳನ್ನು ತೆರೆಯಿರಿ. ಪ್ರತಿ ಸಾಲಿನ ಪಕ್ಕದಲ್ಲಿರುವ ಸಂದರ್ಭದ ವಿವರಣೆ ಓದಿಯೇ ಬರೆಯಿರಿ: ಗುಂಡಿಯ ಮೇಲೆ ಚುಟುಕಾದ ಕ್ರಿಯಾಪದ ಸಾಕು, ಎಚ್ಚರಿಕೆಯ ಸಂದೇಶಕ್ಕೆ ಪೂರ್ಣ ವಾಕ್ಯ ಬೇಕು. ನೀವು ಉಳಿಸಿದ ಅನುವಾದ ಮುಂದಿನ ಪರಿಷ್ಕರಣೆಗಳ ಜೊತೆ ವಿಕಿಪೀಡಿಯಕ್ಕೂ ವಿಕಿಸೋರ್ಸ್‌ಗೂ ತಲುಪುತ್ತದೆ.