ಮಗಳು ದೂರ ದೇಶಕ್ಕೆ ಓದಲು ಹೊರಟಾಗ

ಜವಳಗೇರಾದಲ್ಲಿ ಸಂಜೆ ಏಳು ಗಂಟೆ. ನಾಟಿ ಹಚ್ಚಿ ಬಂದು, ಕೈಕಾಲು ತೊಳೆದು, ನಾವೆಲ್ಲ ಕಲಿಕಾ ಕೇಂದ್ರದಲ್ಲಿ ಸೇರಿದ್ದೆವು. ದಿನಾ ಮುಂದೆ ಕೂಡುವ ಒಬ್ಬ ಅಕ್ಕ ಅವತ್ತು ಹಿಂದೆ, ಗೋಡೆಗೆ ಒರಗಿ ಕುಳಿತಿದ್ದಳು. ಪುಸ್ತಕ ತೆಗೆದಿರಲಿಲ್ಲ. ಮಡಿಲಲ್ಲಿ ಒಂದು ಕಾಗದದ ಕಟ್ಟು ಇತ್ತು.

"ಯಾಕ ಯಕ್ಕಾ, ಆರಾಮಿಲ್ಲೇನು?" ಎಂದು ಕೇಳಿದೆವು.

"ನನ್ನ ಮಗಳು ಬೆಂಗಳೂರಾಗ ಎಂಜಿನಿಯರಿಂಗ್ ಮುಗಿಸ್ಯಾಳ. ಈಗ ಅಮೆರಿಕಾದಾಗ ಮುಂದ ಓದಾಕ ಸೀಟ್ ಸಿಕ್ಕೈತಿ. ಬ್ಯಾಂಕಿನ ಸಾಲದ ಕಾಗದಕ್ಕ ನಾನೂ ಸಹಿ ಹಾಕಬೇಕಂತ. ಓಣಿ ಮಂದಿ ಒಬ್ಬೊಬ್ಬರು ಒಂದೊಂದು ಹೇಳತಾರ. ಎರಡು ದಿನ ಆತು, ಗಂಟಲಾಗ ತುತ್ತು ಇಳಿವಲ್ದು" ಎಂದಳು ಅಕ್ಕ.

ಅಕ್ಕನ ಮನಸ್ಸಿನಲ್ಲಿ ನಾಲ್ಕು ಪ್ರಶ್ನೆಗಳಿದ್ದವು. ಆ ಊರು ಎಲ್ಲಿದೆ? ಮಗಳು ಅಲ್ಲಿ ಹೇಗೆ ಇರುತ್ತಾಳೆ? ಕಷ್ಟ ಬಂದರೆ ಯಾರು ನೋಡುತ್ತಾರೆ? ಹೊಳ್ಳಿ ಬರುತ್ತಾಳೋ, ಇಲ್ಲವೋ?

ಇವು ಒಬ್ಬಳ ಪ್ರಶ್ನೆಗಳಲ್ಲ. ಮಕ್ಕಳನ್ನು ಓದಿಸುವ ಎಲ್ಲ ತಾಯಂದಿರ ಪ್ರಶ್ನೆಗಳು. ಬನ್ನಿ, ಒಟ್ಟಿಗೆ ಉತ್ತರ ಹುಡುಕೋಣ.

ಅಂಗೈಯಲ್ಲಿ ಒಂದು ರಾಜ್ಯ

ಅಕ್ಕನ ಮಗಳು ಹೋಗಬೇಕಾದ ರಾಜ್ಯದ ಹೆಸರು ಮಿಷಿಗನ್. ಅದು ಅಮೆರಿಕಾದ ಉತ್ತರ ಭಾಗದಲ್ಲಿದೆ. ನಿಮ್ಮ ಬಲಗೈ ಎತ್ತಿ ಹಿಡಿಯಿರಿ. ಅಂಗೈ ನಿಮ್ಮ ಕಡೆಗೆ ಇರಲಿ. ಆ ರಾಜ್ಯದ ದೊಡ್ಡ ಭಾಗ ಹೀಗೇ ಕಾಣುತ್ತದೆ. ಅಲ್ಲಿಯ ಜನ ತಮ್ಮ ಊರು ಎಲ್ಲಿದೆ ಎಂದು ಕೈ ತೋರಿಸಿಯೇ ಹೇಳುತ್ತಾರೆ. ಹೆಬ್ಬೆರಳಿನ ಕೆಳಗೆ, ಮಣಿಕಟ್ಟಿನ ಹತ್ತಿರ ಆನ್ ಆರ್ಬರ್ ಎಂಬ ಊರಿದೆ. ಮಿಷಿಗನ್ ವಿಶ್ವವಿದ್ಯಾಲಯ ಇರುವುದು ಅಲ್ಲಿಯೇ.

ಬೆಂಗಳೂರಿನಿಂದ ಅಲ್ಲಿಗೆ ವಿಮಾನದಲ್ಲಿ ಹೋಗಲು, ನಡುವೆ ವಿಮಾನ ಬದಲಿಸಿ, ಸುಮಾರು ಒಂದು ದಿನ ಬೇಕು. ಅಲ್ಲಿಯ ಗಡಿಯಾರ ನಮಗಿಂತ ಹಿಂದೆ. ಚಳಿಗಾಲದಲ್ಲಿ ಹತ್ತೂವರೆ ತಾಸು ಹಿಂದೆ. ಬೇಸಿಗೆಯಲ್ಲಿ ಒಂಬತ್ತೂವರೆ ತಾಸು ಹಿಂದೆ. ಚಳಿಗಾಲದಲ್ಲಿ ಜವಳಗೇರಾದಲ್ಲಿ ರಾತ್ರಿ 8 ಗಂಟೆ ಆದಾಗ ಅಲ್ಲಿ ಅದೇ ದಿನ ಬೆಳಿಗ್ಗೆ 9.30. ನಾವು ಊಟಕ್ಕೆ ಕೂಡುವ ಹೊತ್ತಿಗೆ ಅವರು ತರಗತಿಗೆ ಹೋಗುತ್ತಾರೆ.

ನಮಗಿಂತ ಮೊದಲೇ ಹೋದವರು

ಕನ್ನಡದ ಹೆಣ್ಣುಮಗಳು ಆ ಊರಿಗೆ ಹೋಗುವುದು ಇದೇ ಮೊದಲಲ್ಲ. 1947ರಲ್ಲಿಯೇ ಒಬ್ಬರು ಹೋಗಿದ್ದರು. ಅವರ ಹೆಸರು ರಾಜೇಶ್ವರಿ. ಅವರು 1922ರಲ್ಲಿ ಹುಟ್ಟಿದವರು. ತಂದೆ ನಂಜನಗೂಡಿನಲ್ಲಿ ವಕೀಲರು.

ರಾಜೇಶ್ವರಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲ ಸ್ಥಾನ ಪಡೆದರು. ಆಮೇಲೆ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ಜಾಣ ಮಕ್ಕಳನ್ನು ಹೊರದೇಶದಲ್ಲಿ ಓದಿಸಲು ಆಗ ಸರ್ಕಾರ ವಿದ್ಯಾರ್ಥಿವೇತನ ಕೊಡುತ್ತಿತ್ತು. ಅದು ರಾಜೇಶ್ವರಿ ಅವರಿಗೆ ಸಿಕ್ಕಿತು. ಆಗ ಅವರಿಗೆ 25 ವರ್ಷ. ಮದುವೆ ಆಗಿರಲಿಲ್ಲ. ಹಡಗಿನಲ್ಲಿ ಸಮುದ್ರ ದಾಟಿ ಹೋದರು.

ಅವರ ಕಾಲದಲ್ಲಿ ಮನೆಗೆ ಸುದ್ದಿ ತಿಳಿಸಲು ಪತ್ರವೇ ದಾರಿ. ಒಂದು ಪತ್ರ ಬರೆದರೆ ಉತ್ತರಕ್ಕೆ ಎಷ್ಟೋ ದಿನ ಕಾಯಬೇಕು. ಮನೆಯಲ್ಲಿ ಓದು ಬರುವವರು ಇಲ್ಲದಿದ್ದರೆ? ಮಗಳ ಸುಖದುಃಖ ಪರರ ಬಾಯಿಂದ ಕೇಳಬೇಕಿತ್ತು. ರಾಜೇಶ್ವರಿ ಅವರ ಮನೆಯಲ್ಲಿ ಆ ಕೊರತೆ ಇರಲಿಲ್ಲ. ಯಾಕೆಂದರೆ ಅವರ ಅಜ್ಜಿಯೇ ಓದಿದ್ದರು.

ಅಜ್ಜಿಯ ಹೆಸರು ಕಮಲಮ್ಮ ದಾಸಪ್ಪ. ಹಳೆಯ ಮೈಸೂರು ರಾಜ್ಯದಲ್ಲಿ ಮೊದಮೊದಲು ಪದವಿ ಪಡೆದ ಕೆಲವೇ ಹೆಂಗಸರಲ್ಲಿ ಅವರು ಒಬ್ಬರು. ಗಂಡ ಸತ್ತವರು, ಗಂಡ ಬಿಟ್ಟವರು, ಚಿಕ್ಕಂದಿನಲ್ಲೇ ಮದುವೆಯಾಗಿ ಶಾಲೆ ಬಿಟ್ಟವರು, ಇವರೆಲ್ಲ ಮತ್ತೆ ಓದಬೇಕು ಎಂದು ಆ ಅಜ್ಜಿ ದುಡಿದರು. ಅಂಥವರು ಓದಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡುವ ದಾರಿ ಮಾಡಬೇಕು ಎಂದು ಸೂಚಿಸಿದರು.

ಇದನ್ನು ಕೇಳಿ ನಮ್ಮಲ್ಲಿ ಒಬ್ಬರು ಅಂದರು: "ಅಂದ್ರ ಆ ಅಜ್ಜಿ ನಮ್ಮಂಥವರಿಗೇ ಶಾಲಿ ತೆಗಿಬೇಕು ಅಂದಿದ್ರು ನೋಡ್ರಿ!"

ಹೌದು. ಮೊಮ್ಮಗಳು ಸಮುದ್ರ ದಾಟಲು ಅಜ್ಜಿ ಮನೆಯಲ್ಲೇ ದಾರಿ ಮಾಡಿದ್ದರು.

ಅಲ್ಲಿಯ ದಿನದ ಬದುಕು

ಈಗ ಹೋಗುವ ಮಕ್ಕಳು ಅಲ್ಲಿ ಹೇಗೆ ಇರುತ್ತಾರೆ?

ಕೆಲವರು ಹಾಸ್ಟೆಲಿನಲ್ಲಿ ಇರುತ್ತಾರೆ. ಬಾಡಿಗೆ ಹೆಚ್ಚು ಎಂದು ಮೂರು ನಾಲ್ಕು ಮಂದಿ ಸೇರಿ ಮನೆ ಹಿಡಿಯುವವರೂ ಉಂಟು. ಅಡುಗೆಯನ್ನು ಪಾಳಿಯ ಮೇಲೆ ಮಾಡಿಕೊಳ್ಳುತ್ತಾರೆ. ಅಕ್ಕಿ, ಬೇಳೆ, ಖಾರದ ಪುಡಿ ಭಾರತದವರ ಅಂಗಡಿಗಳಲ್ಲಿ ಸಿಗುತ್ತವೆ. ಜೋಳದ ಹಿಟ್ಟೂ ಎಷ್ಟೋ ಕಡೆ ಸಿಗುತ್ತದೆ. ರೊಟ್ಟಿ ಬಡಿಯಲು ಬಂದರೆ ಹಸಿವಿನ ಚಿಂತೆ ಇಲ್ಲ. ಬಟ್ಟೆ ಒಗೆಯುವುದು, ಪಾತ್ರೆ ತಿಕ್ಕುವುದು, ಲೆಕ್ಕ ಇಡುವುದು ಎಲ್ಲವೂ ಅವರದೇ ಕೆಲಸ. ಅಲ್ಲಿ ಗಂಡುಮಕ್ಕಳೂ ಪಾತ್ರೆ ತಿಕ್ಕಲೇಬೇಕು!

ಬೆಳಿಗ್ಗೆ ತರಗತಿ. ಆಮೇಲೆ ಗ್ರಂಥಾಲಯ, ಪ್ರಯೋಗಶಾಲೆ. ಓದಲು ವೀಸಾ ಪಡೆದು ಹೋದವರು ಅಲ್ಲಿ ಮನಸ್ಸಿಗೆ ಬಂದಷ್ಟು ದುಡಿಯುವಂತಿಲ್ಲ. ಪಾಠ ನಡೆಯುವ ದಿನಗಳಲ್ಲಿ ವಿಶ್ವವಿದ್ಯಾಲಯದ ಒಳಗೆ ವಾರಕ್ಕೆ 20 ತಾಸು ಕೆಲಸ ಮಾಡಬಹುದು. ಅದಕ್ಕಿಂತ ಹೆಚ್ಚು ಮಾಡಿದರೆ ತೊಂದರೆ. "ಅಲ್ಲಿ ಹೋಗಿ ದುಡಿದು ಫೀಸು ಪೂರಾ ಕಟ್ಟಬಹುದು" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಚಳಿಗೆ ತಯಾರಿ ಬೇಕು. ನಮ್ಮ ರಾಯಚೂರು ಸೀಮೆಯ ಬಿಸಿಲಿನಲ್ಲಿ ಬೆಳೆದ ಮಕ್ಕಳಿಗೆ ಅದು ಹೊಸದು. ಜನವರಿಯಲ್ಲಿ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ. ದಾರಿಯ ಮೇಲೆ ಹಿಮ ಬೀಳುತ್ತದೆ. ದಪ್ಪ ಕೋಟು, ಕೈಚೀಲ, ಬೂಟು ಇಲ್ಲದೆ ಹೊರಗೆ ಕಾಲಿಡಲು ಆಗುವುದಿಲ್ಲ.

ನೋಡುವ ಜಾಗಗಳು

"ಬರೇ ಓದೋದೇ ಏನು? ಊರು ನೋಡಂಗಿಲ್ಲೇನು?" ಎಂದು ಒಬ್ಬ ತಂಗಿ ಕೇಳಿದಳು.

ನೋಡಬೇಕು. ಊರು ನೋಡುವುದೂ ಒಂದು ಓದೇ. ಆನ್ ಆರ್ಬರ್ ಊರಿನಲ್ಲಿ 1936ರಲ್ಲಿ ಕಟ್ಟಿದ ಎತ್ತರದ ಗಂಟೆಗೋಪುರ ಇದೆ. ಅದರಲ್ಲಿರುವ ಹಲವಾರು ಗಂಟೆಗಳನ್ನು ಬಾರಿಸಿ ಹಾಡನ್ನೇ ನುಡಿಸುತ್ತಾರೆ. ಮಿಷಿಗನ್ ರಾಜ್ಯದ ಸುತ್ತ ದೊಡ್ಡ ದೊಡ್ಡ ಸರೋವರಗಳಿವೆ. ದಂಡೆಯಲ್ಲಿ ನಿಂತರೆ ಆಚೆ ದಂಡೆ ಕಾಣುವುದಿಲ್ಲ. ಸಮುದ್ರ ಅನ್ನಬೇಕು, ಆದರೆ ನೀರು ಸಿಹಿ.

ಅಮೆರಿಕಾ ಮತ್ತು ಕೆನಡಾ ದೇಶಗಳ ಗಡಿಯಲ್ಲಿ ನಯಾಗರಾ ಜಲಪಾತ ಇದೆ. ಅದರ ಎತ್ತರ ಹೆಚ್ಚುಕಡಿಮೆ ನಮ್ಮ ಗೋಕಾಕ ಜಲಪಾತದಷ್ಟೇ. ಆದರೆ ಅಗಲ ಬಹಳ, ನೀರು ಬಹಳ.

ರಾಜಧಾನಿ ವಾಷಿಂಗ್ಟನ್. ಅಲ್ಲಿ 555 ಅಡಿ ಎತ್ತರದ ಕಲ್ಲಿನ ಸ್ತಂಭ ಇದೆ. ಬಹಳ ದೊಡ್ಡ ಗ್ರಂಥಾಲಯವೂ ಇದೆ. ರಾಜೇಶ್ವರಿ ಅವರು ಆ ಊರಿನಲ್ಲಿ ಎಂಟು ತಿಂಗಳು ಇದ್ದರು. ರೇಡಿಯೋ ಅಲೆಗಳನ್ನು ಅಳೆಯುವ ಕೆಲಸ ಕಲಿತರು. ಕಲಿತ ಮೇಲೆ 1949ರಲ್ಲಿ ಮತ್ತೆ ಆನ್ ಆರ್ಬರಿಗೆ ಓದಲು ಹೋದರು. ಆಗ ಅವರಿಗೆ ಬಾರ್ಬರ್ ವಿದ್ಯಾರ್ಥಿವೇತನ ಸಿಕ್ಕಿತು. ಅದನ್ನು ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಇಟ್ಟಿದ್ದರು. ಅವರಿಗಿಂತ ಮೊದಲು, ಕೇರಳದ ತಲಶ್ಶೇರಿಯ ಜಾನಕಿ ಅಮ್ಮಾಳ್ ಎಂಬವರೂ ಅದೇ ವೇತನ ಪಡೆದು ಅಲ್ಲಿಯೇ ಓದಿದ್ದರು. 1931ರಲ್ಲಿ ಡಾಕ್ಟರೇಟ್ ಪಡೆದರು. ಊರಿಗೆ ಬಂದು ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡಿದರು. ಬೀಜದ ಫಾರಂ ಇರುವ ಜವಳಗೇರಾದ ನಮಗೆ ಆ ಕೆಲಸದ ಬೆಲೆ ಗೊತ್ತು.

ಒಂದು ಮಾತು ನೆನಪಿರಲಿ. ಅಲ್ಲಿಯವರು "ನಿಮ್ಮ ಊರ ಕಡೆ ನೋಡಲು ಏನಿದೆ?" ಎಂದು ಕೇಳುತ್ತಾರೆ. ಆಗ ನಮ್ಮ ಮಕ್ಕಳು ತಲೆ ತಗ್ಗಿಸಬಾರದು. ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಅಶೋಕ ರಾಜನ ಶಾಸನ ಸಿಕ್ಕಿತು. ಅದುವರೆಗೆ ಸಿಕ್ಕ ಅಂಥ ಶಾಸನಗಳಲ್ಲಿ ರಾಜನ ಬಿರುದು ಮಾತ್ರ ಇತ್ತು. ಅಶೋಕ ಎಂಬ ಹೆಸರು ಮೊದಲು ಓದಲು ಸಿಕ್ಕಿದ್ದು ಮಸ್ಕಿಯ ಬಂಡೆಯ ಮೇಲೆ. ದೂರದ ಊರು ನೋಡುವ ಮುಂಚೆ ಮಗಳನ್ನು ಒಮ್ಮೆ ಮಸ್ಕಿಗೆ ಕರೆದುಕೊಂಡು ಹೋಗೋಣ.

ಕಷ್ಟ ಬಂದರೆ

ಅಲ್ಲಿ ಆಸ್ಪತ್ರೆಯ ಖರ್ಚು ಬಹಳ. ಅದಕ್ಕೆ ಆರೋಗ್ಯ ವಿಮೆ ಮಾಡಿಸಲೇಬೇಕು. ವಿಶ್ವವಿದ್ಯಾಲಯದಲ್ಲಿ ಹೊರದೇಶದ ವಿದ್ಯಾರ್ಥಿಗಳಿಗಾಗಿಯೇ ಒಂದು ಕಚೇರಿ ಇರುತ್ತದೆ. ಭಾರತ ಸರ್ಕಾರದ ರಾಯಭಾರ ಕಚೇರಿ ಇದೆ. ಹೊರದೇಶದಲ್ಲಿ ಕಷ್ಟಕ್ಕೆ ಸಿಕ್ಕವರು ದೂರು ಕೊಡಲು ಸರ್ಕಾರ 2015ರಲ್ಲಿ 'ಮದದ್' ಎಂಬ ವ್ಯವಸ್ಥೆ ಮಾಡಿದೆ. ತಾಯಿ ತಂದೆ ಊರಿನಿಂದಲೂ ಅದರಲ್ಲಿ ದೂರು ಕೊಡಬಹುದು. ಈ ಕಚೇರಿಗಳ ಫೋನ್ ನಂಬರು, ಮಗಳು ಇರುವ ವಿಳಾಸ, ಪಾಸ್‌ಪೋರ್ಟಿನ ನಂಬರು, ಇವನ್ನು ನೋಟ್‌ಬುಕ್ಕಿನಲ್ಲಿ ನಾವೇ ಬರೆದು ಇಟ್ಟುಕೊಳ್ಳಬೇಕು.

ಹೊಳ್ಳಿ ಬಂದರೇ?

ರಾಜೇಶ್ವರಿ ಅವರು ಹೊಳ್ಳಿ ಬಂದರು. 1953ರಲ್ಲಿ ಡಾಕ್ಟರೇಟ್ ಪಡೆದು, ಅದೇ ವರ್ಷ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಲು ನಿಂತರು. ಅಲ್ಲಿಯೇ ಕೆಲಸ ಮಾಡುತ್ತಿದ್ದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು. ಇಬ್ಬರೂ ಸೇರಿ ರೇಡಿಯೋ ಮತ್ತು ರಾಡಾರಿಗೆ ಬೇಕಾದ ವಿದ್ಯೆಯಲ್ಲಿ ಸಂಶೋಧನೆ ಮಾಡಿದರು. ರಾಜೇಶ್ವರಿ ಚಟರ್ಜಿ ಅವರನ್ನು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನ್ನುತ್ತಾರೆ. ನಿವೃತ್ತಿಯಾದ ಮೇಲೆ ಅವರು ಹೆಂಗಸರ ಏಳಿಗೆಗಾಗಿ ದುಡಿದರು. 2010ರಲ್ಲಿ ತೀರಿಕೊಂಡರು.

ಎಲ್ಲರೂ ಹೀಗೆ ಹೊಳ್ಳಿ ಬರುತ್ತಾರೆ ಎಂದು ನಾವು ಹೇಳುವುದಿಲ್ಲ. ಕೆಲವರು ಬರುತ್ತಾರೆ. ಕೆಲವರು ಅಲ್ಲೇ ಕೆಲಸ ಹಿಡಿಯುತ್ತಾರೆ. ಇದನ್ನು ಹೋಗುವ ಮುಂಚೆಯೇ ತಾಯಿ ಮಗಳು ಕೂತು ಮಾತಾಡಬೇಕು.

ಅಕ್ಕನ ಸಹಿ

ಆ ಸಾಲದ ಕಾಗದ ಇಂಗ್ಲಿಷಿನಲ್ಲಿತ್ತು. ಅಕ್ಕ ನಮ್ಮ ಜೊತೆ ಕೂತು ಕನ್ನಡದಲ್ಲಿ ನಾಲ್ಕು ಸಾಲು ಬರೆದಳು.

ಬಡ್ಡಿ ಎಷ್ಟು? ಓದುವಾಗಲೂ ಬಡ್ಡಿ ಬೆಳೆಯುತ್ತದೆಯೇ?
ಕಂತು ಯಾವಾಗ ಶುರು?
ಹೊಲ ಅಡಮಾನ ಇಡಬೇಕೇ?
ಮಗಳು ಕಟ್ಟದಿದ್ದರೆ ಯಾರು ಕಟ್ಟಬೇಕು?

ಮರುದಿನ ಬ್ಯಾಂಕಿಗೆ ಹೋಗಿ ಒಂದೊಂದೇ ಓದಿ ಕೇಳಿದಳು. "ಓದುವಾಗಲೂ ಬಡ್ಡಿ ಲೆಕ್ಕಕ್ಕೆ ಬರುತ್ತದೆ. ಮಗಳು ಕಟ್ಟದಿದ್ದರೆ ಸಹಿ ಹಾಕಿದವರೇ ಕಟ್ಟಬೇಕು" ಎಂದು ಅಲ್ಲಿ ಹೇಳಿದರು. ಅಕ್ಕ ಅದನ್ನೂ ಬರೆದುಕೊಂಡಳು. ಸಹಿ ಹಾಕದೆ ಹೊಳ್ಳಿ ಬಂದಳು.

ಆ ರಾತ್ರಿ ಮಗಳ ಮುಂದೆ ನೋಟ್‌ಬುಕ್ ಇಟ್ಟಳು. "ಇಷ್ಟು ಭಾರ ನಮ್ಮ ಮನಿ ಮ್ಯಾಲ ಬೀಳತೈತಿ. ನೀ ಏನಂತಿ?" ಎಂದಳು. ತಾಯಿ ಮಗಳು ಲೆಕ್ಕ ಹಾಕಿದರು. ಮಗಳು ಫೀಸು ಕಡಿಮೆ ಮಾಡಿ ಎಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಬರೆದಳು. ಸ್ವಲ್ಪ ಕಡಿಮೆಯಾಯಿತು. ಸಾಲವೂ ಇಳಿಯಿತು. ಆಗ ಅಕ್ಕ ಬ್ಯಾಂಕಿಗೆ ಹೋಗಿ ಸಹಿ ಹಾಕಿದಳು. ಮೊದಲು ಅದೇ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು.

"ಭಯ ಹೋತೇನು ಯಕ್ಕಾ?" ಎಂದು ಕೇಳಿದೆವು.

"ಭಯ ಎಲ್ಲಿ ಹೋಗತೈತಿ? ಐತಿ. ಆದ್ರ ಈಗ ಯಾತಕ್ಕ ಅಂಜಬೇಕು, ಯಾತಕ್ಕ ಅಂಜಬಾರದು ಅನ್ನೋದು ತಿಳಿದೈತಿ" ಎಂದಳು ಅಕ್ಕ.

ತಿಳಿದಿರಲಿ

ಕೇಂದ್ರ ಸರ್ಕಾರದ 'ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್' ಎಂಬ ಯೋಜನೆ ಇದೆ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಮಿ ಇಲ್ಲದ ಕೂಲಿಕಾರರು, ಕುಶಲಕರ್ಮಿಗಳು, ಈ ಕುಟುಂಬಗಳ ಮಕ್ಕಳು ಹೊರದೇಶದಲ್ಲಿ ಓದಲು ಅರ್ಜಿ ಹಾಕಬಹುದು. ಸಾಲ ಮಾಡುವ ಮುಂಚೆ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ.

ಹೊಸ ಪದಗಳು

ವಿದ್ಯಾರ್ಥಿವೇತನ: ಓದುವವರಿಗೆ ಕೊಡುವ ಹಣದ ನೆರವು.
ವೀಸಾ: ಬೇರೆ ದೇಶದ ಒಳಗೆ ಹೋಗಲು ಆ ದೇಶ ಕೊಡುವ ಅನುಮತಿ.
ರಾಯಭಾರ ಕಚೇರಿ: ಬೇರೆ ದೇಶದಲ್ಲಿರುವ ನಮ್ಮ ಸರ್ಕಾರದ ಕಚೇರಿ.
ಅಡಮಾನ: ಸಾಲಕ್ಕೆ ಹೊಲ, ಮನೆ ಒತ್ತೆ ಇಡುವುದು.

ಓದಿ, ಉತ್ತರ ಹೇಳಿ

1. ಕಮಲಮ್ಮ ದಾಸಪ್ಪ ಅವರು ಯಾರ ಓದಿಗಾಗಿ ದುಡಿದರು?
2. ಚಳಿಗಾಲದಲ್ಲಿ ಜವಳಗೇರಾದಲ್ಲಿ ರಾತ್ರಿ 9 ಗಂಟೆ ಆದರೆ ಆನ್ ಆರ್ಬರಿನಲ್ಲಿ ಎಷ್ಟು ಗಂಟೆ?
3. ಅಕ್ಕ ಮೊದಲ ದಿನ ಸಹಿ ಹಾಕದೆ ಯಾಕೆ ಹೊಳ್ಳಿ ಬಂದಳು?

ಬರೆಯೋಣ

ನಿಮ್ಮ ಮಗಳೋ ಮೊಮ್ಮಗಳೋ ದೂರದ ಊರಿನಲ್ಲಿ ಓದುತ್ತಿದ್ದಾಳೆ ಎಂದು ತಿಳಿಯಿರಿ. ಅವಳಿಗೆ ಐದು ಸಾಲಿನ ಪತ್ರ ಬರೆಯಿರಿ. ಕೆಳಗೆ ನಿಮ್ಮ ಸಹಿ ಹಾಕಿ.