ಮರಾಠಿ ಕಾಲೇಜು, ಕನ್ನಡದ ಓದು

ಹತ್ತನೆಯ ತರಗತಿಯ ತನಕ ಕನ್ನಡ ಶಾಲೆಯಲ್ಲಿ ಓದಿ, ಈಗ ಮರಾಠಿ ಮಾಧ್ಯಮದ ಕಾಲೇಜು ಸೇರಿರುವ ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ಸೊರಡಿಯ ವಿದ್ಯಾರ್ಥಿನಿಗೆ ಒಂದೇ ಅಳುಕು. ಗ್ರಂಥಾಲಯದ ವಾರ್ಷಿಕ ಓದಿನ ಸ್ಪರ್ಧೆಗೆ ಹೆಸರು ಕೊಟ್ಟರೆ, ಮರಾಠಿಯನ್ನು ತಡವರಿಸಿ ಓದುವ ತಾನು ಹಿಂದೆ ಬೀಳುವೆನೇ?

ಹೆಸರು ಕೊಡಲೇಬೇಕು. ಕನ್ನಡ ಪುಸ್ತಕವೂ ಲೆಕ್ಕಕ್ಕೆ ಬರುತ್ತದೆಯೇ ಎಂದು ಗ್ರಂಥಪಾಲಕರನ್ನು ಮೊದಲೇ ಕೇಳಿಕೊಳ್ಳಲಿ.

ಎರಡು ಭಾಷೆಯ ನಡುವೆ ಬೆಳೆದವರಿಗೆ ಇಂಥ ಓದು ದೊಡ್ಡ ಬಲ. ಮರಾಠಿಯಲ್ಲಿ ಶಾಲೆ ಕಲಿತ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ ಕನ್ನಡದಲ್ಲಿ ಕಾವ್ಯ ಬರೆದರು. 1974ರ ಮಂಡ್ಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಆ ಸ್ಥಾನಕ್ಕೇರಿದ ಮೊದಲ ಮಹಿಳೆ. ಭೈರಪ್ಪನವರ ‘ವಂಶವೃಕ್ಷ’, ‘ಪರ್ವ’ ಕಾದಂಬರಿಗಳನ್ನು ಮರಾಠಿಗೆ ತಂದ ಉಮಾ ಕುಲಕರ್ಣಿಯವರಿಗಂತೂ ಕನ್ನಡ ಓದುವ ರೂಢಿಯೇ ಇರಲಿಲ್ಲ. ಪತಿ ವಿರೂಪಾಕ್ಷ ಕುಲಕರ್ಣಿ ಕನ್ನಡವನ್ನು ಗಟ್ಟಿಯಾಗಿ ಓದಿ ಟೇಪಿನಲ್ಲಿ ಹಿಡಿದಿಡುತ್ತಿದ್ದರು. ಅದನ್ನು ಕೇಳಿ ಕೇಳಿ ಉಮಾ ಮರಾಠಿಗೆ ಇಳಿಸುತ್ತಿದ್ದರು.

ಈ ವಿದ್ಯಾರ್ಥಿನಿ ಅದೇ ದಾರಿಯನ್ನು ತಿರುಗಿಸಿ ಹಿಡಿಯಬಹುದು. ‘ವಂಶವೃಕ್ಷ’ದ ಒಂದು ಅಧ್ಯಾಯ ರಾತ್ರಿ ಮನೆಯಲ್ಲಿ ಕನ್ನಡದಲ್ಲಿ, ಅದೇ ಅಧ್ಯಾಯ ಮರುದಿನ ಗ್ರಂಥಾಲಯದಲ್ಲಿ ಮರಾಠಿಯಲ್ಲಿ. ಕಥೆ ಗೊತ್ತಿರುವುದರಿಂದ ಕಣ್ಣು ಶಬ್ದಕ್ಕೆ ಸಿಕ್ಕಿಕೊಳ್ಳುವುದಿಲ್ಲ, ವೇಗ ತಾನಾಗಿ ಕುದುರುತ್ತದೆ. ಓದಿದ ದಿನವೇ ತಾರೀಖು, ಪುಟ, ಮನಸ್ಸಿಗೆ ಹತ್ತಿದ ಒಂದು ಸಂಗತಿ ವಹಿಯಲ್ಲಿ ಬರೆದಿಡಲಿ; ಕೊನೆಗೆ ಟಿಪ್ಪಣಿ ಕೇಳಿದಾಗ ಪರದಾಟವಿಲ್ಲ. ಸಂಖ್ಯೆ ಏರಿಸಲು ತೆಳ್ಳನೆಯ ಪುಸ್ತಕಗಳನ್ನೇ ಆರಿಸುವುದು ಬೇಡ.

ಅಬ್ದುಲ್ ಕಲಾಂ ಜನ್ಮದಿನವಾದ ಅಕ್ಟೋಬರ್ 15 ಮಹಾರಾಷ್ಟ್ರದಲ್ಲಿ ‘ವಾಚನ ಪ್ರೇರಣಾ ದಿನ’. ಅಂದು ತಾನು ಓದಿದ ಕನ್ನಡ ಪುಸ್ತಕವೊಂದನ್ನು ಗೆಳತಿಯರಿಗೆ ಮರಾಠಿಯಲ್ಲಿ ಪರಿಚಯಿಸಲು ಅನುಮತಿ ಕೇಳಲಿ. ಬೇಕಾದ ಕನ್ನಡ ಪುಸ್ತಕ ಕಪಾಟಿನಲ್ಲಿ ಇಲ್ಲದಿದ್ದರೆ ಹೆಸರು, ಲೇಖಕ, ಪ್ರಕಾಶಕರ ವಿವರ ಬರೆದು ಖರೀದಿಗೆ ಅರ್ಜಿ ಕೊಡಲಿ. ಊರಿನ ಇನ್ನಿಬ್ಬರು ಸಹಿ ಹಾಕಿದರೆ ಇನ್ನೂ ಒಳ್ಳೆಯದು.