ನಮ್ಮ ನಾಯಿ ನೆಲ ಕೆರೆಯುವುದೇಕೆ?

ಇಲ್ಲಿನ ಶಿಶುವಿಹಾರಕ್ಕೆ ಹೋಗುವ ಮಕ್ಕಳಿರುವ ಮನೆಗಳಿಗೆ 'ಹನಾಸಕಾ ಜೀಸಾನ್' ಕಥೆ ಹೊಸದೇನಲ್ಲ. ಒಳ್ಳೆಯ ಮುದುಕನ ನಾಯಿ ತೋರಿಸಿದ ಜಾಗದಲ್ಲಿ ಅಗೆದರೆ ಚಿನ್ನದ ನಾಣ್ಯ ಸಿಗುತ್ತದೆ. ಪಕ್ಕದ ಮನೆಯ ದುರಾಸೆಯವನು ಅದೇ ನಾಯಿಯನ್ನು ಎಳೆದೊಯ್ದರೆ ಅವನಿಗೆ ಸಿಗುವುದು ಬರೀ ಕಸ. ಸಿಟ್ಟಿನಲ್ಲಿ ಅವನು ನಾಯಿಯನ್ನೇ ಕೊಲ್ಲುತ್ತಾನೆ. ನಮ್ಮ ಮನೆಗಳ ನಾಯಿ ಕೆರೆದಲ್ಲಿ ಚಿನ್ನವಂತೂ ಇಲ್ಲ. ಇರುವುದು ಬುಡಮೇಲಾದ ಕೊತ್ತಂಬರಿ ಪಾತಿ, ಇಲ್ಲವೇ ಎಳೆ ಎದ್ದ ತತಾಮಿ ಚಾಪೆ. ಆದರೂ ನಾಯಿ ಕೆರೆದ ಜಾಗ ಏನನ್ನೋ ತಿಳಿಸುತ್ತದೆ. ಗದರಿಸುವ ಮೊದಲು ಅದೇನೆಂದು ನೋಡುವುದು ಲಾಭ.

ಮೊದಲನೆಯದು ಸೆಕೆ. ಊರಿನಲ್ಲಿ ಬೇಸಿಗೆಯ ಮಧ್ಯಾಹ್ನ ಬೀದಿನಾಯಿ ತೆಂಗಿನ ಬುಡದ ಮಣ್ಣು ಕೆದಕಿ, ಗುಂಡಿ ಮಾಡಿಕೊಂಡು, ಹೊಟ್ಟೆ ಆನಿಸಿ ಮಲಗುವುದನ್ನು ನಾವೆಲ್ಲ ನೋಡಿದ್ದೇವೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಸ್ವಲ್ಪ ಬೆವರುತ್ತದೆ, ಉಳಿದದ್ದು ನಾಲಿಗೆ ಚಾಚಿ ಏದುಸಿರು ಬಿಡುವುದರಿಂದ ಆಗಬೇಕು. ಗಾಳಿಯಲ್ಲಿ ತೇವ ಹೆಚ್ಚಾದಾಗ ಅದೂ ಸಾಲದು. ಟೋಕಿಯೋ, ನಾಗೋಯಾ, ಕ್ಯೋಟೋಗಳ ಜುಲೈ-ಆಗಸ್ಟ್ ಹೇಗಿರುತ್ತದೆಂದು ನಮಗೆ ಬೇರೆ ಹೇಳಬೇಕೇ? ಶಿಬಾ ನಾಯಿಗೆ ಎರಡು ಪದರದ ದಟ್ಟ ಕೂದಲು. ಮೇಲಿನ ಮಣ್ಣು ಕಾದಿದ್ದರೂ ಗೇಣು ಕೆಳಗೆ ತಂಪು, ಅದಕ್ಕದು ಗೊತ್ತು. ಇಂಥ ಗುಂಡಿ ನೆರಳಿನಲ್ಲಿ, ಗೋಡೆ ಬುಡದಲ್ಲಿ, ಮೈಯಷ್ಟೇ ಅಗಲವಾಗಿರುತ್ತದೆ. ಇದಕ್ಕೆ ಶಿಕ್ಷಣ ಬೇಡ. ನೆರಳು, ನೀರು, ಬಿಸಿಲೇರಿದಾಗ ಮನೆಯೊಳಗೆ ಜಾಗ ಕೊಟ್ಟರೆ ಸಾಕು.

ಎರಡನೆಯದು ಹುಟ್ಟುಗುಣ. ಟೆರಿಯರ್ ಎಂಬ ಹೆಸರು ಬಂದಿರುವುದೇ ಭೂಮಿ ಎಂಬರ್ಥದ ಲ್ಯಾಟಿನ್ ಪದದಿಂದ. ಇಲ್ಲಿನ ಮನೆಗಳಲ್ಲಿ ಕಾಣುವ ಗಿಡ್ಡಕಾಲಿನ ಡ್ಯಾಶ್‌ಹುಂಡ್ ಜರ್ಮನಿಯಲ್ಲಿ ಬಿಲಕ್ಕೆ ನುಗ್ಗಿ ಬೇಟೆಯಾಡಲೆಂದೇ ಬೆಳೆಸಿದ ತಳಿ. 1936ರಲ್ಲಿ ಜಪಾನ್ ಸರಕಾರ ರಾಷ್ಟ್ರದ ನಿಸರ್ಗ ಸಂಪತ್ತೆಂದು ಘೋಷಿಸಿದ ಶಿಬಾ ಕೂಡ ಬೆಟ್ಟಗಳಲ್ಲಿ ಸಣ್ಣ ಪ್ರಾಣಿ, ಹಕ್ಕಿಗಳ ಬೇಟೆಗೆ ಒದಗಿದ ನಾಯಿ. ತೋಟದ ನೆಲದಡಿ ಹೆಗ್ಗಣದಂಥ 'ಮೋಗುರಾ' ಓಡಾಡಿದರೆ ಅದು ಸುಮ್ಮನಿರುವುದುಂಟೇ? 'ನಾಯಿ ಬಾಲ ಡೊಂಕು' ಎಂದು ನಾವು ಆಡಿಕೊಳ್ಳುತ್ತೇವೆ. ಶಿಬಾದ ವಿಷಯದಲ್ಲಿ ಆ ಡೊಂಕೇ ಲಕ್ಷಣ. ನೆಟ್ಟಗೆ ಮಾಡಲು ಹೋಗುವವರಿಗೆ ಬೇರೆ ಕೆಲಸವಿಲ್ಲ ಅಂತಲೇ ಅರ್ಥ!

ಮೂರನೆಯದು ಬೇಸರ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ, ಮಕ್ಕಳು ಶಾಲೆಗೆ. ಎರಡು ಕೋಣೆಯ ಮನೆಯಲ್ಲಿ ನಾಯಿ ಒಂದೇ ಹತ್ತು ಗಂಟೆ. ಆಗ ಅದು ತತಾಮಿಯನ್ನೋ, ಸೋಫಾವನ್ನೋ, ಬಾಗಿಲ ಬುಡವನ್ನೋ ಕೆರೆಯುತ್ತದೆ. ಮಲಗುವ ಮುನ್ನ ನಾಲ್ಕು ಸುತ್ತು ಸುತ್ತಿ ಎರಡು ಸಲ ಕೆರೆಯುವುದು ಸಹಜ; ಹೊತ್ತುಗಟ್ಟಲೆ ಕೆರೆಯುವುದು ಸಹಜವಲ್ಲ. ಬಾಡಿಗೆ ಮನೆಯವರು ಇಲ್ಲಿ ಎಚ್ಚರವಾಗಿರಬೇಕು. ಮನೆ ಬಿಡುವಾಗ ಬಿಸಿಲಿಗೆ ಮಾಸಿದ ತತಾಮಿಯ ಖರ್ಚು ಮಾಲೀಕರದ್ದು. ಆದರೆ ಸಾಕುಪ್ರಾಣಿ ಗೀರಿದ ಕಂಬ, ಗೋಡೆಗಳ ದುರಸ್ತಿ ಬಾಡಿಗೆದಾರರದ್ದು ಎಂದೇ ಭೂಸಾರಿಗೆ ಸಚಿವಾಲಯದ ಮಾರ್ಗಸೂಚಿ ಹೇಳುತ್ತದೆ. ಠೇವಣಿ ಕರಗುವುದು ಹೀಗೆ.

ಠೇವಣಿ ಹೋದರೆ ದುಡ್ಡು ಮಾತ್ರ. ಬೇಲಿಯ ಬುಡದಲ್ಲಿ ತೋಡಿದ ಗುಂಡಿ ಇದೆಯಲ್ಲ, ಅದರದ್ದೇ ನಿಜವಾದ ಭಯ. ಅದು ತಪ್ಪಿಸಿಕೊಳ್ಳುವ ದಾರಿ. ಸಿಡಿಲು, ಪಟಾಕಿಗೆ ಹೆದರಿದ ನಾಯಿ, ಹೆಣ್ಣಿನ ವಾಸನೆ ಹಿಡಿದ ಗಂಡುನಾಯಿ ಅಲ್ಲಿಂದಲೇ ನುಸುಳುತ್ತವೆ. 1950ರ ರೇಬೀಸ್ ತಡೆ ಕಾಯಿದೆಯಂತೆ ಮೂರು ತಿಂಗಳು ದಾಟಿದ ಪ್ರತಿ ನಾಯಿಯನ್ನೂ ನಗರ ಕಚೇರಿಯಲ್ಲಿ ನೋಂದಾಯಿಸಬೇಕು, ವರ್ಷಕ್ಕೊಮ್ಮೆ ಲಸಿಕೆ ಹಾಕಿಸಬೇಕು, ಬಿಲ್ಲೆ ಕಟ್ಟಬೇಕು. 1957ರ ನಂತರ ಈ ದೇಶದ ಪ್ರಾಣಿಗಳಲ್ಲಿ ರೇಬೀಸ್ ಕಾಣಿಸಿಲ್ಲ ಎಂಬುದರ ಹಿಂದೆ ಈ ಕಟ್ಟುನಿಟ್ಟಿದೆ. ಬಿಲ್ಲೆಯಿಲ್ಲದೆ ಸಿಕ್ಕ, ಯಜಮಾನರು ಯಾರೆಂದು ತಿಳಿಯದ ನಾಯಿಗೆ ಕಾಯಿದೆ ಕೊಡುವುದು ಎರಡು ದಿನದ ಪ್ರಕಟಣೆ. ಆಮೇಲೆ ಅದರ ಗತಿ ಅಧಿಕಾರಿಗಳ ಕೈಯಲ್ಲಿ. ಅಂಗಡಿಯಲ್ಲಿ ಮಾರುವ ನಾಯಿಗಳಿಗೆ 2022ರ ಜೂನ್‌ನಿಂದ ಮೈಕ್ರೋಚಿಪ್ ಕಡ್ಡಾಯವಾಗಿದೆ. ಮನೆ ಬದಲಿಸಿದಾಗ ಅದರ ವಿಳಾಸವನ್ನೂ ಬದಲಿಸಬೇಕು. ನಮ್ಮಂತೆ ಮೇಲಿಂದ ಮೇಲೆ ಮನೆ ಬದಲಿಸುವವರು ಇದನ್ನು ಮರೆಯಬಾರದು. ನಾಯಿ ಕಾಣೆಯಾದರೆ ಪೊಲೀಸ್ ಠಾಣೆ, ಹೊಕೆಂಜೋ ಅಂದರೆ ಆರೋಗ್ಯ ಕಚೇರಿ, ಎರಡಕ್ಕೂ ಕೂಡಲೇ ತಿಳಿಸಬೇಕು.

ಹಾಗಾದರೆ ಬಿಡಿಸುವುದು ಹೇಗೆ? ಸಂಜೆ ಮನೆಗೆ ಬಂದು ಗುಂಡಿಗೆ ಮೂತಿ ಹಿಡಿದು ಗದರುವುದರಿಂದ ಪ್ರಯೋಜನವಿಲ್ಲ. ಬೆಳಿಗ್ಗೆ ಮಾಡಿದ್ದಕ್ಕೂ ಸಂಜೆಯ ಏಟಿಗೂ ನಾಯಿ ಸಂಬಂಧ ಹಚ್ಚುವುದಿಲ್ಲ. ಯಜಮಾನರು ಬಂದರೆ ಹೆದರಬೇಕೆಂದಷ್ಟೇ ಕಲಿಯುತ್ತದೆ. ಮೆಣಸಿನಪುಡಿ ಎರಚುವ ಉಪಾಯವೂ ಬೇಡ, ಕಣ್ಣು ಮೂಗು ಉರಿಯುತ್ತದೆ. ಕೆರೆಯುವಾಗಲೇ ಕಂಡರೆ ಹೆಸರು ಹಿಡಿದು ಕರೆದು ಬೇರೆ ಆಟಕ್ಕೆ ಎಳೆಯಬೇಕು, ಬಂದಾಗ ತಿಂಡಿ ಕೊಡಬೇಕು. ಬೆಳಿಗ್ಗೆ ಸಂಜೆ ನಡಿಗೆ ತಪ್ಪಬಾರದು. ಅಂಗಳವಿದ್ದರೆ ಒಂದು ಮೂಲೆಯಲ್ಲಿ ಮರಳು ತುಂಬಿ, ಅದರೊಳಗೆ ಆಟಿಕೆ ಹುಗಿದು, 'ಇಲ್ಲಿ ಎಷ್ಟಾದರೂ ತೋಡು' ಎಂದು ಬಿಟ್ಟುಕೊಡುವುದು ಎಲ್ಲಕ್ಕಿಂತ ಒಳ್ಳೆಯದೆಂದು ನಮ್ಮ ಅಭಿಪ್ರಾಯ. ಅಂಗಳವಿಲ್ಲದವರು ಹಳೆಯ ಟವೆಲ್ ಮಡಿಕೆಗಳಲ್ಲಿ ಕಾಳು ತಿಂಡಿ ಅಡಗಿಸಿಟ್ಟರೆ ಮೂಗಿಗೂ ಕಾಲಿಗೂ ಕೆಲಸ. ಬೇಲಿಯ ಬುಡಕ್ಕೆ ತಂತಿ ಜಾಲರಿ ಹೂಳಿ, ಮೇಲೆ ಚಪ್ಪಡಿ ಕಲ್ಲು ಹಾಸಬೇಕು. ಪಾರ್ಕಿನಲ್ಲಿ ಮಕ್ಕಳ ಮರಳುಗುಂಡಿಗೆ ಮಾತ್ರ ನಾಯಿಯನ್ನು ಬಿಡಲೇಬಾರದು. ಹೇಲಿನಿಂದ ಜಂತುಹುಳುವಿನ ಮೊಟ್ಟೆ ಮರಳಿಗೆ ಸೇರಿದರೆ ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ.

ಇನ್ನೊಂದು ಮಾತು ಗಡ್ಡೆಗಳದ್ದು. ಸೆಪ್ಟೆಂಬರಿನಲ್ಲಿ ಗದ್ದೆಯ ಬದುಗಳ ಮೇಲೆ ಕೆಂಪಗೆ ಅರಳುವ ಹಿಗಾನ್‌ಬಾನಾ, ಚಳಿಗಾಲದಲ್ಲಿ ತೋಟಗಳಲ್ಲಿ ಅರಳುವ ಸುಯ್‌ಸೆನ್, ಇವೆರಡರ ಗಡ್ಡೆಯೂ ವಿಷ. ನಾಯಿ ತೋಡಿ ತಿಂದು ವಾಂತಿ ಮಾಡಿಕೊಂಡರೆ ಮನೆಮದ್ದು ಮಾಡುತ್ತಾ ಕೂರದೆ, ಉಳಿದ ಗಡ್ಡೆಯನ್ನು ಚೀಲದಲ್ಲಿ ಹಾಕಿಕೊಂಡು 'ದೋಬುತ್ಸು ಬ್ಯೋಯಿನ್'ಗೆ, ಅಂದರೆ ಪಶು ಆಸ್ಪತ್ರೆಗೆ, ಕೂಡಲೇ ಹೋಗಬೇಕು. ಜಪಾನಿ ಭಾಷೆ ಬಾರದಿದ್ದರೂ ಗಡ್ಡೆ ನೋಡಿದರೆ ವೈದ್ಯರಿಗೆ ವಿಷಯ ತಿಳಿಯುತ್ತದೆ.